ಚಕ್ಕುಬಂದಿ

ನಮ್ಮ ಮನೆಯ ಪಶ್ಚಿಮಕ್ಕೆ ಈಗ ಗುಂಡಿ. ಆಳ 22 ಅಡಿ ಅಂತ ಮೇಸ್ತ್ರಿ ಹೇಳಿದ. ನನ್ನ ಕಣ್ಣಳತೆಗೂ ಅಷ್ಟೇ ಬಂತು. ಅದರ ತಳದಲ್ಲಿ ಎರಡು ತಿಂಗಳಿನಿಂದ ಒಂದು ಪಂಪು ಹಗಲೂ ರಾತ್ರಿ ಓಡುತ್ತಿದೆ. ಎತ್ತಿದ ನೀರು ನೀಲಿ ಪೈಪಿನಲ್ಲಿ ಬಂದು, ಫುಟ್‌ಪಾತಿನ ಚಪ್ಪಡಿಗಳ ಸಂದಿನಿಂದ ಮಳೆನೀರಿನ ಮೋರಿಗೆ ಬೀಳುತ್ತದೆ. ಮೊದಲ ವಾರ ಕೆಸರಾಗಿತ್ತು, ಈಗ ಬಾವಿ ನೀರಿನ ಹಾಗೆ ತಿಳಿ. ಬೆಳಿಗ್ಗೆ ಏಳಕ್ಕೆ ಎದುರು ಮನೆಗೆ ಟ್ಯಾಂಕರ್ ಬರುತ್ತದೆ. ಅದರ ಹಿಂದಿನ ಚಕ್ರ ಆ ಪೈಪನ್ನು ಹತ್ತಿ ಇಳಿಯುವಾಗ ಮೋರಿಗೆ ಬೀಳುವ ನೀರು ಒಂದು ಕ್ಷಣ ನಿಂತು, ಆಮೇಲೆ ಭುಸ್ಸೆಂದು ಸುರಿಯುತ್ತದೆ. ಕಾಫಿ ಲೋಟ ಹಿಡಿದುಕೊಂಡು ದಿನಾ ಇದನ್ನು ನೋಡುತ್ತೇನೆ.

ಗುಂಡಿ ಇರುವಲ್ಲಿ ಮೂರು ಮನೆಗಳಿದ್ದವು. ಒಂದು ನನ್ನ ಚಿಕ್ಕಪ್ಪನದು. ಮೂರನ್ನೂ ಕೆಡವಿ, ಮೂರೂ ಸೈಟು ಸೇರಿಸಿ, ಕಾರುಗಳಿಗೆ ಎರಡು ಬೇಸ್‌ಮೆಂಟು, ಅದರ ಮೇಲೆ ಒಟ್ಟು 32 ಫ್ಲ್ಯಾಟು. ಇದು ಮಲ್ಲೇಶ್ವರದ ಒಂದು ಕ್ರಾಸು. ಎಷ್ಟನೇ ಕ್ರಾಸೆಂದು ಹೇಳುವುದಿಲ್ಲ. ಹುಡುಕಿಕೊಂಡು ಬರುವ ಬ್ರೋಕರುಗಳು ಈಗಲೇ ಸಾಕಷ್ಟಿದ್ದಾರೆ.

ನನ್ನ ಕಸುಬು ಮನೆ ಪ್ಲಾನು ಬರೆಯುವುದು. 38 ವರ್ಷ ಅದನ್ನೇ ಮಾಡಿದೆ. ಟಿ-ಸ್ಕ್ವೇರು, ಟ್ರೇಸಿಂಗ್ ಪೇಪರು, ಬ್ಲೇಡಿನಿಂದ ಹೆರೆದು ತಿದ್ದುವ ಇಂಕಿನ ಗೆರೆ, ಕಣ್ಣಲ್ಲಿ ನೀರು ಬರಿಸುವ ಅಮೋನಿಯಾ ಪ್ರಿಂಟು. ಕಂಪ್ಯೂಟರ್ ಬಂದ ಮೇಲೂ ಹತ್ತು ವರ್ಷ ಎಳೆದೆ. ಹಾಗಾಗಿ ಗುಂಡಿಯ ವಿಷಯಕ್ಕೆ ಬೀದಿಯವರೆಲ್ಲ ಸಭೆ ಕರೆದಾಗ ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ನನಗೆ ಕಾನೂನು ಗೊತ್ತು, ಬಿಲ್ಡರನ ಯಾವುದಾದರೂ ತಪ್ಪು ಹಿಡಿದುಕೊಡುತ್ತೇನೆ ಎಂಬ ನಂಬಿಕೆ. ನಾನು ಹೇಳಿದ ಮಾತು ಅವರಿಗೆ ಹಿಡಿಸಲಿಲ್ಲ. ಆ ಮಾತು ಏನೆಂದು ಹೇಳಬೇಕಾದರೆ 1898ಕ್ಕೆ ಹೋಗಬೇಕು.

ಆ ವರ್ಷ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದಕ್ಕೆ ಎರಡು ವರ್ಷ ಮೊದಲು ಮುಂಬಯಿಯಲ್ಲಿ ಶುರುವಾಗಿದ್ದ ಬೇನೆ ರೈಲು ಹಿಡಿದು ಇಳಿದಿತ್ತು. ನಮ್ಮ ತಾತನಿಗೆ ಆಗ ಹನ್ನೆರಡು ವರ್ಷ, ಮನೆ ಬಳೇಪೇಟೆಯ ಒಂದು ಸಂದಿಯಲ್ಲಿ. ಅಟ್ಟದಿಂದ ಇಲಿ ಬಿದ್ದು ನೆಲದ ಮೇಲೆ ಗಿರ್ರನೆ ಸುತ್ತಿ ಸತ್ತಿತಂತೆ. ‘ಇಲಿ ಬಿತ್ತು’ ಅನ್ನುವುದು ಅಂದಿನ ಜನಕ್ಕೆ ಒಂದೇ ಅರ್ಥದ ಮಾತು: ಗಂಟುಮೂಟೆ ಕಟ್ಟು. ಊರಾಚೆ ತೆಂಗಿನ ಗರಿ, ಬಿದಿರು ತಟ್ಟಿಯ ಶೆಡ್ಡುಗಳು. ಇವರು ಅಲ್ಲಿದ್ದಾಗ ಸರ್ಕಾರದ ಕಡೆಯವರು ಬಂದು ಪೇಟೆಯ ಮನೆಯ ಹೆಂಚು ತೆಗೆಸಿ ಬಿಸಿಲು ಬಿಟ್ಟರು, ಗೋಡೆಗೆ ಸುಣ್ಣ ಬಳಿಸಿದರು. ತಾತ ಹಿಂದಿರುಗಿದಾಗ ನಡುಮನೆಯಲ್ಲಿ ಮೊಟ್ಟಮೊದಲ ಸಲ ಆಕಾಶ ಕಂಡಿತಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಭಯಕ್ಕಿಂತ ಆಶ್ಚರ್ಯವೇ ಹೆಚ್ಚಿರುತ್ತಿತ್ತು. ಅವರ ಅಕ್ಕ ಮಾತ್ರ ಶೆಡ್ಡಿನಿಂದ ಹಿಂದಿರುಗಲಿಲ್ಲ.

ಊರಿನ ಲೆಕ್ಕ ಜನಗಣತಿಯಲ್ಲಿದೆ. 1891ರಲ್ಲಿ ಪೇಟೆ, ದಂಡು ಎರಡೂ ಸೇರಿ ಸುಮಾರು 1,80,000 ಜನ. 1901ರಲ್ಲಿ 1,59,000. ಹತ್ತು ವರ್ಷದಲ್ಲಿ ಊರು ಬೆಳೆಯುವ ಬದಲು ಕರಗಿತ್ತು. ಸತ್ತವರಷ್ಟೇ ಅಲ್ಲ, ಓಡಿಹೋದವರೂ ಇದ್ದರು. ಪೇಟೆಯ ಇಕ್ಕಟ್ಟೇ ಇದಕ್ಕೆಲ್ಲ ಕಾರಣ ಎಂದು ಆಳುವವರಿಗೆ ಅನ್ನಿಸಿತು. ಗಾಳಿಯಿಲ್ಲ, ಬೆಳಕಿಲ್ಲ, ಗೋಡೆಗೆ ಗೋಡೆ ಅಂಟಿಕೊಂಡಿದೆ, ಮೋರಿ ಬಾಗಿಲಲ್ಲೇ ಹರಿಯುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆಗಲೇ ಎತ್ತಿಕೊಂಡಿದ್ದ ಬಡಾವಣೆಗಳ ಯೋಜನೆಗೆ ಬೇನೆಯೇ ಜೀವ ಕೊಟ್ಟಿತು. ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ.

ಮಲ್ಲೇಶ್ವರದಲ್ಲಿ ಅದಕ್ಕೆ ಮುಂಚೆ ಏನೂ ಇರಲಿಲ್ಲ ಎನ್ನುವುದು ತಪ್ಪು. ಕಾಡು ಮಲ್ಲೇಶ್ವರನ ಗುಡಿ ಇತ್ತು. ಶಿವಾಜಿಯ ಮಲತಮ್ಮ ಏಕೋಜಿ ಆ ದೇವರಿಗೆ ದತ್ತಿ ಬಿಟ್ಟ 1669ರ ಶಾಸನ ಇದೆ. ಪಕ್ಕದಲ್ಲಿ ಸ್ಯಾಂಕಿ ಕೆರೆ. ಹಳಬರ ಬಾಯಲ್ಲಿ ಅದು ಗಂಧದ ಕೋಠಿ ಕೆರೆ, ಕಟ್ಟಿದ್ದು 1882ರಲ್ಲಿ. ಉಳಿದದ್ದು ಹೊಲ, ತೋಟ, ಕುರುಚಲು. ಅದರ ಮೇಲೆ ಅಳತೆಯ ಸರಪಳಿ ಎಳೆದು ನೇರ ರಸ್ತೆ, ನೇರ ಅಡ್ಡರಸ್ತೆ. ಹೆಸರಿಟ್ಟಿದ್ದೂ ಮರಗಳದ್ದು: ಸಂಪಿಗೆ ರಸ್ತೆ, ಬೇವಿನ ಇಂಗ್ಲಿಷ್ ಹೆಸರಿನ ಮಾರ್ಗೋಸಾ ರಸ್ತೆ. ಮನೆ ಕಟ್ಟುವವನು ಸುತ್ತಲೂ ಜಾಗ ಬಿಡಬೇಕು. ಪ್ರತಿ ಸಾಲಿನ ಹಿಂದೆ ಕನ್ಸರ್ವೆನ್ಸಿ ಗಲ್ಲಿ.

ಈ ಗಲ್ಲಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಈಗಿನ ಹುಡುಗರು ಅಲ್ಲಿ ಗೋಡೆಗೆ ಚಿತ್ರ ಬರೆದು ಫೋಟೋ ತೆಗೆಸಿಕೊಳ್ಳುತ್ತಾರೆ, ಒಳ್ಳೆಯದೇ. ಅದು ಹುಟ್ಟಿದ್ದು ಕಕ್ಕಸಿನ ಮಲ ಹೊತ್ತೊಯ್ಯುವವರಿಗಾಗಿ. ಮನೆಯ ಹಿಂಗೋಡೆಯಲ್ಲಿ ನೆಲಮಟ್ಟಕ್ಕೆ ಒಂದು ಸಣ್ಣ ಕಬ್ಬಿಣದ ಬಾಗಿಲು. ಅವರು ಗಲ್ಲಿಯಿಂದ ಬಂದು, ಬಾಗಿಲೆತ್ತಿ, ಡಬ್ಬ ಬಳಿದು, ಗಲ್ಲಿಯಲ್ಲೇ ಹೋಗಬೇಕು. ಮುಂದಿನ ರಸ್ತೆಯಲ್ಲಿ ಅವರ ಮುಖ ಕಾಣಕೂಡದು. ಬಡಾವಣೆಯ ನಿವೇಶನಗಳನ್ನೂ ಜಾತಿ, ಕೋಮು ನೋಡಿಯೇ ವಿಂಗಡಿಸಿದ್ದರು. ಗಾಳಿ ಬೆಳಕಿನ ನಕ್ಷೆಯಲ್ಲಿ ಇದೂ ಇತ್ತು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ಮಲ ಹೊರುವುದನ್ನು ನಿಲ್ಲಿಸಿದರು. ನಮ್ಮ ಹಿಂಗೋಡೆಯಲ್ಲಿ ಇಟ್ಟಿಗೆಯಿಂದ ಮುಚ್ಚಿದ ಆ ಚೌಕದ ಗುರುತು ಇವತ್ತಿಗೂ ಇದೆ. ಗಾರೆ ಎಷ್ಟು ಸಲ ಮೆತ್ತಿಸಿದರೂ ಅಲ್ಲೇ ಬಿರುಕು ಬಿಡುತ್ತದೆ.

ನಮ್ಮ ಮುತ್ತಾತ ಅಠಾರಾ ಕಚೇರಿಯಲ್ಲಿ ಗುಮಾಸ್ತ. ಪೇಟೆಯಲ್ಲೇ ಉಳಿಯಲು ಮನಸ್ಸಾಗದೆ ಇಲ್ಲಿ 60×120ರ ಒಂದು ಸೈಟು ಹಿಡಿದರು. ಆ ಕ್ರಯಪತ್ರ ನನ್ನ ಬೀರುವಿನಲ್ಲಿದೆ. ಮಡಿಕೆಗಳಲ್ಲಿ ಹರಿದು, ಹಿಂದೆ ಬಟ್ಟೆ ಅಂಟಿಸಿದ್ದೇವೆ. ನನಗೆ ಅದರಲ್ಲಿ ಇಷ್ಟವಾದದ್ದು ಚಕ್ಕುಬಂದಿ. ಅಳತೆ ಕೊನೆಗೆ ಬರುತ್ತದೆ, ಮೊದಲು ಬರುವುದು ನೆರೆಯವರು. ಪೂರ್ವಕ್ಕೆ ಇಂಥ ಶಾನುಭೋಗರ ಸ್ವತ್ತು, ಪಶ್ಚಿಮಕ್ಕೆ ಇಂಥವರ ಮಗ ಇಂಥವರ ಸ್ವತ್ತು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಗಲ್ಲಿ. ನಿನ್ನ ಜಾಗ ಎಲ್ಲಿದೆ ಅಂದರೆ ಇವರಿಬ್ಬರ ನಡುವೆ ಇದೆ. ಅವರ ಹೆಸರು ಹೊಡೆದುಹಾಕಿದರೆ ನಿನ್ನ ಜಾಗವೂ ಇಲ್ಲ.

ಮುತ್ತಾತ ಕಟ್ಟಿದ ಮನೆಗೆ ಮಂಗಳೂರು ಹೆಂಚು, ಮುಂಬಾಗಿಲ ಮೇಲೆ ಮರದ ಪಟ್ಟಿಗಳ ಮಂಕಿ ಟಾಪು, ಹಿಂದೆ ಬಾವಿ. ಕೊಳಾಯಿ ಬೇಗನೇ ಬಂತು. 1896ರ ಹೊತ್ತಿಗೆ ಹೆಸರಘಟ್ಟದ ಕೆರೆಯಿಂದ ಊರಿಗೆ ನೀರು ಹರಿದಿತ್ತು. ಆ ನೀರು ಸೋಸುವ ಜ್ಯೂಯೆಲ್ ಫಿಲ್ಟರು ಮಲ್ಲೇಶ್ವರದಲ್ಲೇ ಇತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೆಸರಘಟ್ಟ ಬತ್ತಿದ್ದರಿಂದ 1933ರಲ್ಲಿ ತಿಪ್ಪಗೊಂಡನಹಳ್ಳಿ ಅಣೆಕಟ್ಟು. ಅದೂ ಸಾಲದಾಗಿ 1974ರಲ್ಲಿ ಕಾವೇರಿ ಮೊದಲ ಹಂತ. ಕಾವೇರಿಯನ್ನು ನೂರು ಕಿಲೋಮೀಟರು ದೂರದಿಂದ, ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ ಎತ್ತಬೇಕು. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಊರು ಒಂದು ನೀರಿಗೆ ಒಗ್ಗುವಷ್ಟರಲ್ಲಿ ಇನ್ನೊಂದಕ್ಕೆ ಬಾಯಿ ತೆರೆದಿರುತ್ತದೆ.

ಈಗ ನಮ್ಮ ಸಭೆಯಲ್ಲಿ ಯಾರೂ ಕೇಳಲು ಇಷ್ಟಪಡದ ವಿಷಯ. ಗಾಳಿ ಬೆಳಕಿಗೆಂದು ಮುತ್ತಾತ ಬಿಟ್ಟಿದ್ದ ಹಿತ್ತಲನ್ನು ತಾತ 1943ರಲ್ಲಿ ವಠಾರ ಮಾಡಿದರು.

ಯುದ್ಧದ ಕಾಲ. ವಿಮಾನ ಕಾರ್ಖಾನೆ ಶುರುವಾಗಿ ಮೂರು ವರ್ಷ ಆಗಿತ್ತು, ಕೆಲಸ ಹುಡುಕಿ ಜನ ಬರುತ್ತಿದ್ದರು, ತಲೆಯ ಮೇಲೆ ಸೂರು ಸಿಗುತ್ತಿರಲಿಲ್ಲ. 1941ರಲ್ಲಿ ಬೆಂಗಳೂರಿನ ಜನಸಂಖ್ಯೆ ನಾಲ್ಕು ಲಕ್ಷ ಚಿಲ್ಲರೆ, 1951ರಲ್ಲಿ ಏಳು ಮುಕ್ಕಾಲು ಲಕ್ಷ. ತಾತ ಹಿತ್ತಲಿನ ಎರಡು ಬದಿಗೆ ಮೂರು ಮೂರು ಮನೆ ಎಬ್ಬಿಸಿದರು. ಒಂದೊಂದರಲ್ಲಿ ಒಂದು ನಡುಮನೆ, ಒಂದು ಅಡಿಗೆಮನೆ, ಅಷ್ಟೇ. ನಡುವೆ ಬಾವಿಕಟ್ಟೆ, ಒಂದು ನಲ್ಲಿ, ಮೂಲೆಯಲ್ಲಿ ಎರಡು ಕಕ್ಕಸು. ಅನುಮತಿ ತೆಗೆದುಕೊಂಡಿದ್ದರೋ ಇಲ್ಲವೋ! ಕಾಗದಪತ್ರಗಳ ನಡುವೆ ನಾನಂತೂ ಕಂಡಿಲ್ಲ, ಹುಡುಕುವ ಉತ್ಸಾಹವನ್ನೂ ತೋರಿಲ್ಲ. ಬಾಡಿಗೆಗೆ ಬಂದವರನ್ನು ತಾತ ಮೊದಲು ಕೇಳುತ್ತಿದ್ದದ್ದು ‘ತಾವು ಯಾವ ಪೈಕಿ?’ ಎಂದು. ಬಾಡಿಗೆ ಎಷ್ಟು ಎನ್ನುವುದು ಆಮೇಲಿನ ಮಾತು.

ನಾನು ಹುಟ್ಟಿದ್ದು 1952ರಲ್ಲಿ. ವಠಾರದಲ್ಲಿ ಆಗ 31 ಜನ. ಮುಂದಿನ ಮನೆಯಲ್ಲಿ ನಾವು 11. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಐದರಿಂದ ಎಂಟು. ಮನೆಗೆ ಎಂಟು ಕೊಡ, ಅದಕ್ಕಿಂತ ಒಂದು ಚೊಂಬೂ ಹೆಚ್ಚಿಲ್ಲ. ಲೆಕ್ಕ ಇಡುತ್ತಿದ್ದವರು ನಮ್ಮ ಅಜ್ಜಿ. ಗೋಡೆಯ ಮೇಲೆ ಇದ್ದಿಲಿನಿಂದ ಗೀಟು. ಬೇರೆಯವರ ಸಾಲಿನಲ್ಲಿ ಕೊಡ ಇಟ್ಟವರ ಕೊಡ ಬಾವಿಕಟ್ಟೆಯಿಂದಾಚೆ ಉರುಳಿದ್ದನ್ನು ನಾನೇ ನೋಡಿದ್ದೇನೆ. ಸ್ನಾನಕ್ಕೆ, ಬಟ್ಟೆಗೆ ಬಾವಿ ನೀರು. ಬಚ್ಚಲ ನೀರು ಬಾಳೆಗೆ, ಕೆಸುವಿನ ಗಿಡಕ್ಕೆ. ಯಾರ ಮನೆಯಲ್ಲಿ ಹಡೆದಿದ್ದಾರೆ, ಯಾರ ಮನೆಗೆ ನೆಂಟರು ಬಂದಿದ್ದಾರೆ ಎನ್ನುವುದು ನಲ್ಲಿಯ ಮುಂದೆ ತಿಳಿಯುತ್ತಿತ್ತು. ಬಾಣಂತಿಯ ಮನೆಗೆ ಹನ್ನೊಂದು ಕೊಡ, ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಹೀಗೆಂದರೆ ವಠಾರ ಸ್ವರ್ಗವಾಗಿತ್ತು ಎಂದಲ್ಲ. ಬೆಳಗಿನ ಹೊತ್ತು ಆ ಎರಡು ಕಕ್ಕಸಿನ ಮುಂದೆ ಚೊಂಬು ಹಿಡಿದು ನಿಂತವರನ್ನು ಕೇಳಬೇಕಿತ್ತು. ಗಂಡ ಹೆಂಡಿರ ಜಗಳ ಆರು ಮನೆಗೂ ಕೇಳಿಸುವುದು ಜಗಳವಾಡುವವರಿಗೇನು ಸುಖ?

1961ರ ಬಾಡಿಗೆ ನಿಯಂತ್ರಣ ಕಾಯಿದೆಯ ನಂತರ ಬಾಡಿಗೆ ಏರಿಸುವುದು ಕಷ್ಟವಾಯಿತು, ತಾತ ರಿಪೇರಿ ನಿಲ್ಲಿಸಿದರು, ಹೆಂಚು ಸೋರಿತು, ಒಬ್ಬೊಬ್ಬರೇ ಬಿಟ್ಟುಹೋದರು. 1976ರಲ್ಲಿ ಅಪ್ಪ, ಚಿಕ್ಕಪ್ಪ ಪಾಲಾದರು. 60 ಅಡಿಯನ್ನು ನಡುವೆ ಸೀಳಿ ತಲಾ 30. ಪೂರ್ವದ ಭಾಗ ನಮಗೆ, ಪಶ್ಚಿಮದ್ದು ಚಿಕ್ಕಪ್ಪನಿಗೆ. ಗಡಿಗೋಡೆ ಬಾವಿಯ ಮೇಲೇ ಬಂತು. ಬಾವಿಗೆ ಚಪ್ಪಡಿ ಎಳೆದು ಗೋಡೆ ಕಟ್ಟಿದರು. ಪಾಲಿನ ನಕ್ಷೆ ಬರೆದದ್ದು ನಾನೇ, 24ನೇ ವಯಸ್ಸಿನಲ್ಲಿ. ಕಸುಬಿಗೆ ಇಳಿದ ಹೊಸದು. ಗೆರೆ ಎಷ್ಟು ಸೊಗಸಾಗಿ ಬಂದಿದೆ ಎಂದು ಬೀಗಿದ್ದು ನೆನಪಿದೆ. ಬಾವಿ ಗೆರೆಯಡಿಗೆ ಹೋಗಿದ್ದು ಮನಸ್ಸಿಗೆ ನಾಟಿರಲಿಲ್ಲ.

ಹೀಗೆ ನಮ್ಮ ಸೈಟಿನಲ್ಲಿ, 7,200 ಚದರಡಿಯಲ್ಲಿ, 42 ಜನ ಬಾಳಿದ್ದರು. ಹೊಸ ಕಟ್ಟಡದ ಜಾಗ 150×120, ಅಂದರೆ 18,000 ಚದರಡಿ, ನಮ್ಮ ಹಳೇ ಸೈಟಿನ ಎರಡೂವರೆ ಪಟ್ಟು. 32 ಫ್ಲ್ಯಾಟಿಗೆ ತಲಾ ನಾಲ್ವರು ಎಂದರೆ 128 ಜನ. ನಮ್ಮ ಸೈಟಿನ ಅಳತೆಗೆ ಇಳಿಸಿದರೆ 51. ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: ‘ಜನ ಜಾಸ್ತಿ ಆಗ್ತಾರೆ ಅನ್ನೋ ವಾದ ಬಿಡೋಣ. ಜನ ಇಲ್ಲಿ ಮುಂಚೆಯಿಂದಲೂ ಜಾಸ್ತೀನೇ. 42ಕ್ಕೂ 51ಕ್ಕೂ ಏನು ಮಹಾ ಅಂತರ?’

ಮೂಲೆಮನೆಯ ಅಮ್ಮ ಕನ್ನಡಕ ಏರಿಸಿ ನನ್ನನ್ನೇ ನೋಡಿದರು. ‘ಏನಪ್ಪಾ, ನೀನೂ ಅವರ ಕಡೆಗೇ ಹೋದ್ಯಾ? ನಿಮ್ಮ ಚಿಕ್ಕಪ್ಪನ ಮಗನಿಗೆ ಮೂರು ಫ್ಲ್ಯಾಟ್ ಬರುತ್ತಂತಲ್ಲ.’

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ. ಮನೆ ನೋಡಿಕೊಳ್ಳುವವರಿಲ್ಲ, ಕೀಲಿ ನನ್ನ ಬಳಿ ಇತ್ತು. ಜಾಗ ಇವನದು, ಕಟ್ಟುವುದು ಬಿಲ್ಡರು, ಬಂದ ಫ್ಲ್ಯಾಟಿನಲ್ಲಿ ಅರ್ಧಕ್ಕರ್ಧ. ಇದಕ್ಕೆ ಜೆಡಿ ಎನ್ನುತ್ತಾರೆ, ಜಾಯಿಂಟ್ ಡೆವಲಪ್‌ಮೆಂಟ್. ಮಲ್ಲೇಶ್ವರದ ಹಳೇ ಮನೆಗಳನ್ನು ಕೆಡವಿದ್ದರಲ್ಲಿ ಬಿಲ್ಡರ ಪಾಲಿನಷ್ಟೇ ಮನೆಯವರದ್ದೂ ಇದೆ. ಕೈಗೆ ಕಾಸು ಹಾಕದೆ ಮಕ್ಕಳಿಗೆ ಒಂದೊಂದು ಮನೆ ಆಗುತ್ತದೆ ಎಂದರೆ ಯಾರು ಬೇಡವೆನ್ನುತ್ತಾರೆ? ಫ್ಲ್ಯಾಟಿನ ಒಡೆತನಕ್ಕೆ ಕಾನೂನು ಮಾಡಿದ್ದು 1972ರಲ್ಲಿ, ಒಂದಲ್ಲ ಎರಡು ಕಾಯಿದೆ. ಆಗ ನಮ್ಮ ಬೀದಿಯಲ್ಲಿ ಅದನ್ನು ನೋಡಿ ನಕ್ಕಿದ್ದರು. ನೆಲ ಇಲ್ಲದ ಮನೆಯೂ ಒಂದು ಮನೆಯೇ ಎಂದು.

ಸಭೆಯಲ್ಲಿ ಹೊರಬಿದ್ದ ದೂರುಗಳು ಹಲವು. ಪಡುವಣ ಬಿಸಿಲು ಹೋಗುತ್ತದೆ, ಹಪ್ಪಳ ಸಂಡಿಗೆ ಎಲ್ಲಿ ಒಣಗಿಸುವುದು. ಐದನೇ ಅಂತಸ್ತಿನಿಂದ ನಮ್ಮ ಬಚ್ಚಲು ಕಾಣುತ್ತದೆ. ಕಾರು ಬೀದಿಯಲ್ಲೇ ನಿಲ್ಲಿಸುತ್ತಾರೆ, ಆಂಬುಲೆನ್ಸ್ ಬರುವುದು ಹೇಗೆ. ಟ್ರಾನ್ಸ್‌ಫಾರ್ಮರ್ ತಡೆದೀತೇ. ಗೇಟಿನ ಮುಂದಿನ ಸಂಪಿಗೆ ಮರಕ್ಕೆ ಯಾರೋ ಆಸಿಡ್ ಹಾಕಿದ ಹಾಗಿದೆ. ಒಬ್ಬ ಗೃಹಸ್ಥರು ಮೆಲ್ಲಗೆ, ‘ಎಂಥೆಂಥವರು ಬರ್ತಾರೋ’ ಎಂದರು. ನನಗೆ ತಾತನ ‘ಯಾವ ಪೈಕಿ’ ಕೇಳಿಸಿತು, ಗಲ್ಲಿಯ ಕಬ್ಬಿಣದ ಬಾಗಿಲು ಕಂಡಿತು. ಉಳಿದ ದೂರುಗಳಲ್ಲಿ ಸತ್ಯ ಇದೆ. ಆ ಒಂದನ್ನು ಅರ್ಜಿಯಲ್ಲಿ ಸೇರಿಸುವುದಾದರೆ ನನ್ನ ಸಹಿ ಬೇಡ ಎಂದೆ. ಅವರು ತಲೆ ತಗ್ಗಿಸಿದರು, ಅದು ಅರ್ಜಿಗೆ ಬರಲಿಲ್ಲ.

ಜನ ಹೆಚ್ಚಲ್ಲದಿದ್ದರೆ ಇನ್ನೇನು ಹೆಚ್ಚು? ಅದನ್ನು ಹೇಳಲು ನನಗೆ ಸಭೆಯಲ್ಲಿ ಅವಕಾಶವಾಗಲಿಲ್ಲ, ಇಲ್ಲಿ ಹೇಳುತ್ತೇನೆ. ವಠಾರದಲ್ಲಿ ಬಾವಿ, ನಲ್ಲಿ ಎರಡೂ ಸೇರಿದರೂ ತಲೆಗೆ ದಿನಕ್ಕೆ 40 ಲೀಟರು ದಾಟುತ್ತಿರಲಿಲ್ಲ. 42 ಜನಕ್ಕೆ ಸುಮಾರು 1,700 ಲೀಟರು. ಈಗ ನಗರದಲ್ಲಿ ತಲೆಗೆ 135 ಲೀಟರೆಂದು ಲೆಕ್ಕ ಹಿಡಿಯುತ್ತಾರೆ. ಆ ಪ್ರಕಾರ 128 ಜನಕ್ಕೆ 17,280 ಲೀಟರು. ಅಷ್ಟು ನೀರು ಬಳಸಿದ ಮೇಲೆ ಬಹುಪಾಲು ಅಷ್ಟೇ ಕೊಳೆ ನೀರು. ನಮ್ಮ ಬೀದಿಯಡಿ ಇರುವುದು ಆರು ಇಂಚಿನ ಹಳೇ ಸ್ಟೋನ್‌ವೇರ್ ಪೈಪು, ಮರದ ಬೇರು ನುಗ್ಗಿ ಕಟ್ಟಿಕೊಂಡಿರುವಂಥದ್ದು. ಎರಡು ಜೋರು ಮಳೆ ಬಂದರೆ ಮ್ಯಾನ್‌ಹೋಲಿನ ಮುಚ್ಚಳ ಕುಣಿಯುತ್ತದೆ. ಬಿಲ್ಡರನ್ನಷ್ಟೇ ಬೈದು ಪ್ರಯೋಜನವಿಲ್ಲ: ನಾನು, ನನ್ನ ಹೆಂಡತಿ ಇಬ್ಬರೇ ಇರುವ ಮನೆಯ ಬಿಲ್ಲಿನಲ್ಲಿ ತಿಂಗಳಿಗೆ 12,000 ಲೀಟರು. ತಲೆಗೆ ದಿನಕ್ಕೆ 200. ಅಜ್ಜಿ ನೋಡಿದ್ದರೆ ಗೋಡೆ ಸಾಲುತ್ತಿರಲಿಲ್ಲ, ಗೀಟು ಹಾಕಲು.

ಈ ಲೆಕ್ಕ ಪ್ಲಾನಿನ ಕಾಗದದಲ್ಲಿ ಎಲ್ಲೂ ಬರುವುದಿಲ್ಲ. ಅಲ್ಲಿ ಬರುವುದು ಎಫ್‌ಎಆರ್. ಸೈಟು 2,400 ಚದರಡಿ, ಎಫ್‌ಎಆರ್ 1.75 ಆದರೆ ಎಲ್ಲ ಅಂತಸ್ತೂ ಸೇರಿ 4,200 ಚದರಡಿ ಕಟ್ಟಬಹುದು. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನಿನಲ್ಲಿ ವಾಸದ ಕಟ್ಟಡಕ್ಕೆ ಇದು 1.75ರಿಂದ 3.25ರವರೆಗೆ ಏರುತ್ತದೆ, ಸೈಟು ದೊಡ್ಡದಾದಷ್ಟೂ, ರಸ್ತೆ ಅಗಲವಾದಷ್ಟೂ ಹೆಚ್ಚು. ಕಾರು ನಿಲ್ಲುವ ಜಾಗ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕೇ ಎಲ್ಲರೂ ಮನೆಯನ್ನು ಕಂಬದ ಮೇಲೆ ಎತ್ತುತ್ತಾರೆ. ಸೈಟು ದೊಡ್ಡದಾದರೆ ಲಾಭವಿರುವುದರಿಂದಲೇ ಮೂರು ಮನೆ ಕೆಡವಿ ಒಂದು ಮಾಡಿದ್ದು. ನಿಯಮದಲ್ಲಿ ರಸ್ತೆಯ ಅಗಲ ಉಂಟು, ರಸ್ತೆಯಡಿಯ ಪೈಪಿನ ಅಗಲ ಇಲ್ಲ.

ಇನ್ನೊಂದು ವಿಷಯ ಕಸುಬಿನವನಾಗಿ ಒಪ್ಪಿಕೊಳ್ಳಬೇಕು. ಪ್ಲಾನಿನಲ್ಲಿ ಪಕ್ಕದ ಮನೆಯನ್ನು ನಾವು ಬರೆಯುವುದಿಲ್ಲ. ಗಡಿಗೆರೆಯಾಚೆ ಖಾಲಿ ಕಾಗದ. ಅದರ ಮೇಲೆ ‘ನೈಬರ್ಸ್ ಪ್ರಾಪರ್ಟಿ’ ಎಂದು ಸ್ಟೆನ್ಸಿಲ್ ಅಕ್ಷರ. ಅಲ್ಲಿ ಬಾವಿ ಇರಲಿ, ಮಲಗುವ ಕೋಣೆಯ ಕಿಟಕಿ ಇರಲಿ, ಮಣ್ಣು ಗಾರೆಯ ನೂರು ವರ್ಷದ ಗೋಡೆ ಇರಲಿ, ನಮಗೆ ಬೇಕಿಲ್ಲ. ಮಾಸ್ಟರ್ ಪ್ಲಾನಿನ ಕರಡಿಗಾದರೆ ಊರಿನವರ ಆಕ್ಷೇಪಣೆ ಕೇಳುತ್ತಾರೆ. ಒಂದು ಮನೆಯ ಪ್ಲಾನು ಪಾಸು ಮಾಡುವಾಗ ಪಕ್ಕದವರನ್ನು ಕರೆದು ಕೇಳಿದ್ದನ್ನು 38 ವರ್ಷದಲ್ಲಿ ನಾನು ಕಂಡಿಲ್ಲ. ಕರೆದಿದ್ದರೆ ನನ್ನ ಹೊಟ್ಟೆಪಾಡು ಕಷ್ಟವಾಗುತ್ತಿತ್ತು ಎನ್ನುವುದೂ ನಿಜ. ಗಿರಾಕಿಗಳಿಗೆ ನಾನು ಬರೆಯುತ್ತಿದ್ದದ್ದು ಎರಡು ಸೆಟ್ಟು: ಕಚೇರಿಗೆ ಸ್ಯಾಂಕ್ಷನ್ ಪ್ಲಾನು, ಮೇಸ್ತ್ರಿಗೆ ವರ್ಕಿಂಗ್ ಪ್ಲಾನು. ಮೊದಲನೆಯದರಲ್ಲಿ ನಾಲ್ಕೂ ಕಡೆ ಸೆಟ್‌ಬ್ಯಾಕು, ಎರಡನೆಯದರಲ್ಲಿ ಅದರ ಮೇಲೆ ಬಾಲ್ಕನಿ. ಊರಿಗೆ ಊರೇ ಹಾಗೆ ಕಟ್ಟಿದ್ದರಿಂದ ತಾನೆ ಸರ್ಕಾರ 2007ರಲ್ಲಿ ಅಕ್ರಮ ಸಕ್ರಮದ ಕಾನೂನು ತಂದಿದ್ದು. ವಾಸದ ಮನೆಗೆ ಅರ್ಧದಷ್ಟು ಉಲ್ಲಂಘನೆಯನ್ನೂ ದಂಡ ಕಟ್ಟಿಸಿಕೊಂಡು ಒಪ್ಪುವ ಯೋಜನೆ ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು. ನನ್ನ ಗಿರಾಕಿಗಳಲ್ಲಿ ಕೆಲವರು ಇನ್ನೂ ಫೋನು ಮಾಡಿ ‘ಸಕ್ರಮ ಯಾವಾಗ’ ಎಂದು ಕೇಳುತ್ತಾರೆ, ನಾನೇ ಮಾಡಿಕೊಡುವವನ ಹಾಗೆ.

ಗುಂಡಿಯ ವಿಷಯದಲ್ಲಿ ಆ ಬಿಲ್ಡರನ ಪ್ಲಾನು ನೋಡಿದೆ. ಸೆಟ್‌ಬ್ಯಾಕು ಸರಿ, ಎಫ್‌ಎಆರ್ ಸರಿ, ಮಳೆನೀರು ಕೊಯ್ಲಿನ ಗುಂಡಿಯೂ ಉಂಟು, 2009ರಿಂದ ಅದು ಕಡ್ಡಾಯ. ಹಿಡಿಯಬಹುದಾದ ತಪ್ಪು ಸಿಗಲಿಲ್ಲ. ಬೀದಿಯವರಿಗೆ ಅದೇ ನನ್ನ ಮೇಲಿನ ದೊಡ್ಡ ಅನುಮಾನ.

ಆದರೆ ನೀರು. ಕಾಡು ಮಲ್ಲೇಶ್ವರನ ಗುಡಿಯ ಎದುರಿಗೆ ನಂದಿತೀರ್ಥ ಇದೆ. ನಂದಿಯ ಬಾಯಿಂದ ನೀರು ಬಿದ್ದು ಶಿವಲಿಂಗವನ್ನು ತೋಯಿಸಿ ಕಲ್ಯಾಣಿಗೆ ಇಳಿಯುತ್ತದೆ. 1997ರವರೆಗೆ ಅದು ಪೂರ್ತಿ ಮಣ್ಣಿನಡಿ ಇತ್ತು. ಮೇಲೆ ಬಟ್ಟಬಯಲಾದ ಜಾಗ. ನಮ್ಮಲ್ಲಿ ಹೇಳುವುದು ಹೀಗೆ: ಆ ಜಾಗ ಮಾರಾಟಕ್ಕೆ ಬಂದಾಗ ಸುತ್ತಲಿನವರು ಅಡ್ಡ ನಿಂತರು, ಅಗೆದು ನೋಡೋಣ ಎಂದರು, ಅಗೆದಾಗ ಗುಡಿ ಸಿಕ್ಕಿತು. ಅವತ್ತು ನಾನೂ ನೋಡಲು ಹೋಗಿದ್ದೆ. ಜನ ಮಣ್ಣು ಮೆತ್ತಿದ ಕಲ್ಲಿಗೆ ಕೈಮುಗಿಯುತ್ತಿದ್ದರು. ನನ್ನ ಕಣ್ಣು ಮಾತ್ರ ಕಲ್ಯಾಣಿಯ ಮೂಲೆಯಲ್ಲಿ ಆಗಲೇ ಜಿನುಗಿ ನಿಂತಿದ್ದ ನೀರಿನ ಮೇಲಿತ್ತು. ಇಷ್ಟು ಮನೆ, ಇಷ್ಟು ಡಾಂಬರು ಬಿದ್ದ ಮೇಲೂ ಅಷ್ಟು ಮೇಲಕ್ಕೇ ನೀರು!

ನಮ್ಮ ಪಕ್ಕದ ಗುಂಡಿಗೆ ಬಂದಿರುವುದೂ ಅಂಥದ್ದೇ ಮೇಲುನೀರು. 2024ರ ಬೇಸಿಗೆಯಲ್ಲಿ ಊರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಬೋರಿನವರು ಸಾವಿರ ಅಡಿ ಇಳಿಯುತ್ತಿದ್ದ ಹೊತ್ತು. ಇಲ್ಲಿ 22 ಅಡಿಯಲ್ಲಿ ಸಿಕ್ಕ ನೀರು ಕಾರು ನಿಲ್ಲಿಸಲು ಅಡ್ಡಿ ಎಂದು ಮೋರಿಗೆ. ಪಂಪು ಶುರುವಾದ ಹದಿನೈದನೇ ದಿನಕ್ಕೆ ನಮ್ಮ ಬಚ್ಚಲ ಗೋಡೆ ಮೇಲಿಂದ ಕೆಳಗೆ ಸೀಳಿತು. ಪೆನ್ಸಿಲಿನಲ್ಲಿ ತಾರೀಖು ಬರೆದು ಬಿರುಕಿನ ತುದಿಗೆ ಗೀಟು ಹಾಕಿಡುತ್ತಿದ್ದೇನೆ. ಈವರೆಗೆ ಏಳು ಗೀಟು. ಚಪ್ಪಡಿಯಡಿ ಮುಚ್ಚಿದ್ದ ಆ ಹಳೇ ಬಾವಿ ಗುಂಡಿಯ ಅಂಚಿನಲ್ಲಿ ಅರ್ಧ ಸೀಳಿಕೊಂಡು ಕಾಣಿಸಿತು. ಒಳಗೆ ಕಲ್ಲು ಕಟ್ಟಿದ ಅರ್ಧ ಉರುಟು, ಅದರ ಸಂದಿಗಳಿಂದ ನೀರು ಸಣ್ಣಗೆ ಇಳಿಯುತ್ತಿತ್ತು. ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ಸಿಮೆಂಟು ಚಿಮುಕಿಸಿ ಮುಚ್ಚಿದರು.

ಮೊನ್ನೆ ಚಿಕ್ಕಪ್ಪನ ಮಗ ಬಂದಿದ್ದ. ಹಂಚಿಕೆ ಪತ್ರದ ಕರಡು ತಂದು, ‘ಅಣ್ಣ, ಒಂದ್ಸಲ ಅಳತೆ ನೋಡಿಬಿಡು, ನಿನಗೇ ಗೊತ್ತಾಗೋದು’ ಎಂದ. ಅಳತೆ ಸರಿಯಿತ್ತು. ಕೊನೆಯ ಪುಟದಲ್ಲಿ ಅವನ ಮೂರನೇ ಅಂತಸ್ತಿನ ಫ್ಲ್ಯಾಟಿನ ಚಕ್ಕುಬಂದಿ. ಪಶ್ಚಿಮಕ್ಕೆ ಕಾರಿಡಾರ್. ಉತ್ತರಕ್ಕೆ ಫ್ಲ್ಯಾಟ್ ನಂಬರ್ 301. ದಕ್ಷಿಣಕ್ಕೆ ಡಕ್ಟ್. ಪೂರ್ವಕ್ಕೆ ಓಪನ್ ಸ್ಪೇಸ್.

‘ಪೂರ್ವಕ್ಕೆ ಇರೋದು ನಾನಲ್ಲವೇನೋ?’ ಎಂದೆ.

‘ಅದು ಲಾಯರ್ ಫಾರ್ಮ್ಯಾಟು, ಅಣ್ಣ. ಎಲ್ಲ ಫ್ಲ್ಯಾಟಿಗೂ ಹಾಗೇ ಹಾಕ್ತಾರೆ.’ ಆಮೇಲೆ ಪೆನ್ನು ತೆಗೆದು, ‘ಸಾಕ್ಷಿಗೆ ನೀನೇ ಹಾಕಿಬಿಡು’ ಎಂದ.

ಹಾಕಿದೆ. ನನ್ನ ಹೆಂಡತಿ ಅವನಿಗೆ ಅಕ್ಕಿರೊಟ್ಟಿ ಬಡಿಸುತ್ತಿದ್ದಾಗ ಕರೆಂಟು ಹೋಯಿತು. ಪಂಪೂ ನಿಂತಿತು. ಎರಡು ತಿಂಗಳ ಮೇಲೆ ಮೊದಲ ಸಲ ಗೋಡೆ ಗಡಿಯಾರದ ಸದ್ದು ಕೇಳಿಸಿತು. ರಾತ್ರಿಯೆಲ್ಲ ಕರೆಂಟು ಬರಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಗುಂಡಿಯಲ್ಲಿ ಮೊಳಕಾಲುದ್ದ ನೀರು, ಅದರಲ್ಲಿ ಎರಡು ಕೊಕ್ಕರೆ. ಅಂಚಿನಲ್ಲಿ ನಿಂತ ಮೇಸ್ತ್ರಿ, ಡೀಸೆಲ್ ಪಂಪು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಫೋನಿನಲ್ಲಿ ಕೂಗಾಡುತ್ತಿದ್ದ.